ನಾಲ್ಕನೆಯವರಿಲ್ಲದ ಮೇಳ

ನಮ್ಮ ಭಾಷೆಗೆ ನಾಲ್ಕರ ಮೇಲೆ ಬಹಳ ಪ್ರೀತಿ. 'ನಾಲ್ಕು ಜನ ಏನೆಂದಾರು' ಎಂದು ಹೆದರುತ್ತೇವೆ. 'ನಾಲ್ಕು ಜನರಂತೆ ಬಾಳು' ಎಂದು ಹರಸುತ್ತೇವೆ. ಕಲಿತರೆ ನಾಲ್ಕು ಅಕ್ಷರ, ಗಳಿಸಿದರೆ ನಾಲ್ಕು ಕಾಸು, ಸಭೆಯಲ್ಲಿ ಎದ್ದು ನಿಂತರೆ ನಾಲ್ಕು ಮಾತು. ಕಡೆಗೆ ಮನುಷ್ಯನನ್ನು ಹೊತ್ತೊಯ್ಯುವುದಕ್ಕೂ ನಾಲ್ಕು ಹೆಗಲೇ ಬೇಕು. ಮೂರರ ಪಾಡು ಹಾಗಲ್ಲ. ಕೆಲಸಕ್ಕೆ ಬಾರದವನು ಮೂರು ಕಾಸಿನವನು. ನಾಚಿಕೆಗೆಟ್ಟವನು ಮೂರೂ ಬಿಟ್ಟವನು. ಕೆಟ್ಟು ಚದುರಿದ ಸಂಸಾರ ಮೂರಾಬಟ್ಟೆ. ತ್ರಿಮೂರ್ತಿಗಳಿಲ್ಲವೆ ಎಂದು ಯಾರಾದರೂ ಕೇಳಬಹುದು. ಅದು ದೇವಲೋಕದ ಮಾತಾಯಿತು. ಭೂಲೋಕದಲ್ಲಿ ಮೂವರು ಕೂಡಿದರೆ ಇನ್ನೊಬ್ಬರು ಎಲ್ಲಿ ಎಂದು ಕೇಳುವ ಪದ್ಧತಿಯೇ ಹೆಚ್ಚು.

ಯುರೋಪಿನ ಸಂಗೀತಗಾರರಿಗೂ ಇದೇ ಹುಚ್ಚು ಇತ್ತೆಂದು ತಿಳಿದಾಗ ನನಗೆ ಸ್ವಲ್ಪ ಆಶ್ಚರ್ಯವೂ ಸ್ವಲ್ಪ ಸಮಾಧಾನವೂ ಆಯಿತು. ಅವರಲ್ಲಿ ಕೋಣೆಯ ಸಂಗೀತವೆಂಬ ಒಂದು ಪ್ರಕಾರವುಂಟು. ದೊಡ್ಡ ಸಭಾಂಗಣಕ್ಕಲ್ಲದೆ ಮನೆಯ ಕೋಣೆಗೆ, ಹತ್ತಿಪ್ಪತ್ತು ಆಪ್ತರ ಕಿವಿಗೆ ಹೊಂದಿಸಿ ಬರೆದದ್ದು. ಅದರಲ್ಲಿ ಹಿರಿಯ ಮಣೆ ಯಾವಾಗಲೂ ನಾಲ್ವರ ಮೇಳಕ್ಕೆ: ಎರಡು ವಯಲಿನ್, ವಯಲಿನ್ನಿಗಿಂತ ತುಸು ದೊಡ್ಡದಾಗಿ ಐದು ಸ್ವರ ಕೆಳಗೆ ನುಡಿಯುವ ಒಂದು ವಿಯೋಲಾ, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ಒಂದು ಚೆಲ್ಲೊ. ಜರ್ಮನಿಯ ಕವಿ ಗಯಟೆ 1829ರಲ್ಲಿ ತನ್ನ ಗೆಳೆಯನಿಗೆ ಬರೆದ ಕಾಗದದಲ್ಲಿ ಈ ಮೇಳವನ್ನು ನಾಲ್ವರು ವಿವೇಕಿಗಳ ಸಂಭಾಷಣೆಗೆ ಹೋಲಿಸಿದ. ಅಲ್ಲಿಯೂ 'ನಾಲ್ಕು ಜನ'ವೇ, ನೋಡಿ! ಈ ನಾಲ್ವರಲ್ಲಿ ಒಂದು ವಯಲಿನ್ ಎದ್ದು ಹೋದರೆ ಉಳಿಯುವುದು ಮೂರು ವಾದ್ಯ, ಹನ್ನೆರಡು ತಂತಿ. ತಂತಿವಾದ್ಯಗಳ ಈ ಮೂವರ ಮೇಳಕ್ಕೆ ಬರೆದವರು ಕಡಿಮೆ, ನುಡಿಸುವವರು ಇನ್ನೂ ಕಡಿಮೆ, ಕೇಳುವವರ ಮಾತಂತೂ ಕೇಳಲೇ ಬಾರದು. ಅಂಥ ಕೇಳುಗರಲ್ಲಿ ಮೂವರು ರಂಗಂಪೇಟೆಯಲ್ಲಿದ್ದಾರೆಂದರೆ ಓದುಗರು ನಕ್ಕಾರು.

ರಂಗಂಪೇಟೆ ಸುರಪುರಕ್ಕೆ ಅಂಟಿಕೊಂಡ ಊರು. ಸುರಪುರವೆಂದೊಡನೆ ಬೇಡರ ನಾಯಕರ ಸಂಸ್ಥಾನ, ವೇಣುಗೋಪಾಲಸ್ವಾಮಿಯ ಗುಡಿ, ಚಿನ್ನದ ರೇಖೆಯ ಚಿತ್ರಗಳು, ಹರಿದಾಸರ ಪರಂಪರೆಯ ಆನಂದದಾಸರು ನೆನಪಾಗುತ್ತಾರೆ. ಗುಡ್ಡದ ಮೇಲಿನ ಬಂಗಲೆಯನ್ನು ತೋರಿಸಿ, ಅಲ್ಲಿದ್ದ ಮೆಡೋಸ್ ಟೇಲರನ ಕಥೆಯನ್ನು ನಮ್ಮೂರಿನ ಹುಡುಗರು ಹೇಳಬಲ್ಲರು. ಆದರೆ ವಿಯೋಲಾ, ಚೆಲ್ಲೊಗಳಿಗೂ ನಮ್ಮ ಪೇಟೆಗೂ ಏನು ಸಂಬಂಧ? ಸಂಬಂಧ ಬಹಳ ದೂರದ್ದು, ಒಬ್ಬ ಮನುಷ್ಯನ ಮೂಲಕ ಬಂದದ್ದು. ನಾನು ಕೆಲಸ ಮಾಡುವ ಬ್ಯಾಂಕಿಗೆ ಮೈಸೂರಿನ ಕಡೆಯಿಂದ ಗೆಳೆಯರೊಬ್ಬರು ವರ್ಗವಾಗಿ ಬಂದಿದ್ದರು. ಎರಡು ವರ್ಷ ನಮ್ಮ ಬಿಸಿಲಿನಲ್ಲಿ ಬೆಂದು, ಜೋಳದ ರೊಟ್ಟಿಗೆ ಒಗ್ಗಿಕೊಂಡು, ತಿರುಗಿ ಹೋಗುವಾಗ ನನ್ನ ಮೊಬೈಲಿನಲ್ಲಿ ಒಂದಷ್ಟು ಸಂಗೀತ ತುಂಬಿಸಿ, ಕೈಗೊಂದು ಸಣ್ಣ ಸ್ಪೀಕರನ್ನೂ ಕೊಟ್ಟು, "ಮೂವರೇ ಇರುವ ಮನೆ ನಿಮ್ಮದು. ಇದು ಮೂವರದೇ ಸಂಗೀತ, ಕೇಳಿ" ಎಂದರು. ಅವರು ನಗುತ್ತ ಹೇಳಿದ ಮಾತು. ನನಗೆ ಮಾತ್ರ ಅದು ನಗೆಯ ಮಾತಾಗಿ ಕೇಳಲಿಲ್ಲ.

ಏಕೆಂದರೆ ನಮ್ಮದು ನಾಲ್ವರ ಮನೆಯಾಗಿತ್ತು. ಅಪ್ಪ, ಅವ್ವ, ಅಕ್ಕ, ನಾನು. ಅಪ್ಪ ಬಟ್ಟೆ ಅಂಗಡಿಯೊಂದರಲ್ಲಿ ನಲವತ್ತು ವರ್ಷ ಲೆಕ್ಕ ಬರೆದವರು. ಅಕ್ಕ ಶಾಲೆಯ ಮಾಸ್ತರಿಣಿ. 2019ರ ಶ್ರಾವಣದಲ್ಲಿ ಅವ್ವ ತೀರಿಕೊಂಡಳು. ಹದಿಮೂರನೆಯ ದಿನದ ಊಟವಾದ ಮೇಲೆ, ಪಡಸಾಲೆಯ ಫರಸಿಯ ಮೇಲೆ ಕುಳಿತ ನೆಂಟರಿಷ್ಟರು ನಮ್ಮ ಮುಂದಿನ ಬಾಳಿನ ವಿಚಾರ ಎತ್ತಿದರು. ಹೆಣ್ಣು ದಿಕ್ಕಿಲ್ಲದ ಮನೆ, ಹಗಲೆಲ್ಲ ಬೀಗ ಬೀಳುವ ಮನೆ. ಅಪ್ಪ ಬೆಂಗಳೂರಿಗೆ ಕಾಕಾನ ಮಗನ ಹತ್ತಿರ ಹೋಗಲಿ, ಅಕ್ಕ ಶಾಲೆಯ ಸಮೀಪ ಖೋಲಿ ಹಿಡಿಯಲಿ, ನಾನೊಬ್ಬನೇ ಗಂಡಸು ಎಲ್ಲಿದ್ದರೂ ನಡೆದೀತು, ಮನೆಯನ್ನು ಬಾಡಿಗೆಗೆ ಕೊಟ್ಟರೆ ನಾಲ್ಕು ಕಾಸು ಬಂದೀತು. ಹೇಳಿದವರಲ್ಲಿ ಕೆಟ್ಟ ಮನಸ್ಸಿನವರು ಒಬ್ಬರೂ ಇರಲಿಲ್ಲ. ಹೆಣ್ಣು ದಿಕ್ಕಿಲ್ಲವೆಂದಾಗ ಅಕ್ಕ ಎಲ್ಲರಿಗೂ ಚಹಾ ಕೊಡುತ್ತಿದ್ದಳೆಂಬುದು ಮಾತ್ರ ಯಾರ ಗಮನಕ್ಕೂ ಬರಲಿಲ್ಲ. ಮೂರಾಬಟ್ಟೆ ಎಂದರೆ ಮೂರು ದಾರಿ ಎಂದು ಅರ್ಥ. ಆ ಶಬ್ದದ ಅಕ್ಷರಾರ್ಥ ಅಂದು ನನಗೆ ಕಣ್ಣಿಗೆ ಕಾಣುವಂತೆ ತಿಳಿಯಿತು. ಅಪ್ಪ ಎಲ್ಲವನ್ನೂ ಕೇಳಿ, "ಇರ್ಲಿ, ಒಂದು ವರ್ಷ ನೋಡೂಣು" ಎಂದರು. ಆ ಒಂದು ವರ್ಷ ಇನ್ನೂ ಮುಗಿದಿಲ್ಲ.

ಆ ಸ್ಥಿತಿಯಲ್ಲಿ ಈ ಸಂಗೀತ ಮನೆಗೆ ಬಂತು. ಮೊದಲ ಸಲ ಹಚ್ಚಿದ್ದು ಮೊಜಾರ್ಟನ ಕೃತಿ. 1788ರ ಸೆಪ್ಟೆಂಬರಿನಲ್ಲಿ ವಿಯೆನ್ನಾದಲ್ಲಿ ಅವನು ಅದನ್ನು ಮುಗಿಸಿದ. ಆರು ಭಾಗ, ಮುಕ್ಕಾಲು ತಾಸು. ತನಗೆ ಮೇಲಿಂದ ಮೇಲೆ ಸಾಲ ಕೊಡುತ್ತಿದ್ದ ಪುಕ್‌ಬರ್ಗ್ ಎಂಬ ವ್ಯಾಪಾರಿ ಗೆಳೆಯನಿಗೆ ಅದನ್ನು ಅರ್ಪಿಸಿದ್ದಾನೆ. ಸಾಲದ ಬಡ್ಡಿಯನ್ನು ಇಷ್ಟು ಧಾರಾಳವಾಗಿ ತೀರಿಸಿದ ಗಿರಾಕಿಯನ್ನು ಬ್ಯಾಂಕಿನವನಾದ ನಾನಂತೂ ಕಂಡಿಲ್ಲ. ಮರುವರ್ಷ ಡ್ರೆಸ್ಡೆನ್ನಿನಲ್ಲಿ ನುಡಿಸುವಾಗ ಮೊಜಾರ್ಟನೇ ವಿಯೋಲಾ ಹಿಡಿದು ಕುಳಿತಿದ್ದನಂತೆ. ಅಪ್ಪ ಹತ್ತು ನಿಮಿಷ ಕಣ್ಣು ಮುಚ್ಚಿ ಕೇಳಿ, "ಹಿಂದ ತಂಬೂರಿ ಇಲ್ಲಲ್ಲೋ ತಮ್ಮಾ, ಇವರು ಶ್ರುತಿ ಎಲ್ಲಿ ಹಿಡಿತಾರ?" ಎಂದರು. ಅಕ್ಕ ಒಳಗಿನಿಂದಲೇ, "ಮೂರೂ ಮಂದಿ ಮಾತಾಡ್ಲಿಕತ್ತಾರೋ ಜಗಳಾಡ್ಲಿಕತ್ತಾರೋ, ಒಂದೂ ತಿಳಿವಲ್ದು" ಎಂದಳು. ಪಾಶ್ಚಾತ್ಯ ಸಂಗೀತದ ಮೇಲೆ ಆಮೇಲೆ ನಾನು ಓದಿದ ಎಷ್ಟೋ ಪುಟಗಳಿಗಿಂತ ಈ ಎರಡು ಪ್ರಶ್ನೆಗಳೇ ನನಗೆ ಹೆಚ್ಚು ಉಪಯೋಗಕ್ಕೆ ಬಂದವು.

ಅಪ್ಪನ ಪ್ರಶ್ನೆಗೆ ಕಾರಣವಿತ್ತು. ಅವ್ವ ಇದ್ದಾಗ ಶನಿವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಭಜನೆ ನಡೆಯುತ್ತಿತ್ತು. ಅಪ್ಪನ ಹಾಡು, ಓಣಿಯ ಒಬ್ಬರ ಹಾರ್ಮೋನಿಯಂ, ಇನ್ನೊಬ್ಬರ ತಬಲಾ. ಮೇಳ ಎಷ್ಟು ಜನರದೆಂದು ಕೇಳಿದರೆ ಮೂವರದು ಎಂದೇ ಎಲ್ಲರೂ ಹೇಳುತ್ತಿದ್ದರು. ಕಂಬದ ಹಿಂದೆ ಕುಳಿತು ಎರಡು ತಾಸು ಒಂದೇ ಸಮನೆ ತಂಬೂರಿ ಮೀಟುತ್ತಿದ್ದ ಅವ್ವ ಲೆಕ್ಕದಲ್ಲಿ ಇರಲಿಲ್ಲ. ಇದು ನಮ್ಮ ಮನೆಯೊಂದರ ಮಾತಲ್ಲ. ಹಿಂದೂಸ್ತಾನಿಯಾಗಲಿ, ಕರ್ನಾಟಕ ಸಂಗೀತವಾಗಲಿ, ಹಾಡುವವರು, ಜೊತೆಯ ವಾದ್ಯದವರು, ತಾಳದವರು ಎಂದು ಎಣಿಸುತ್ತೇವೆ. ತಂಬೂರಿ ಹಿಡಿದವರ ಹೆಸರು ಕರಪತ್ರದಲ್ಲಿ ಬರುವುದು ಅಪರೂಪ. ಅವರು ಕೈ ನಿಲ್ಲಿಸಿದಾಗಲೇ ಏನೋ ಕಡಿಮೆಯಾಯಿತೆಂದು ಸಭೆಗೆ ತಿಳಿಯುವುದು.

ಈ ಪಾಶ್ಚಾತ್ಯ ಮೇಳದಲ್ಲಿ ಆ ಎಣಿಕೆಗೆ ಸಿಗದ ನಾಲ್ಕನೆಯವರು ಇಲ್ಲ. ನಮ್ಮದು ಒಂದು ಷಡ್ಜವನ್ನು ಹಿಡಿದು ಅದರ ಮೇಲೆ ರಾಗ ಬೆಳೆಸುವ ಪದ್ಧತಿ. ಅವರದು ಹಲವು ಸ್ವರಗಳನ್ನು ಒಮ್ಮೆಗೇ ನುಡಿಸಿ ಮೇಳೈಸುವ ಪದ್ಧತಿ. ಹಾಗೆ ಮೇಳೈಸಲು ಕನಿಷ್ಠ ಮೂರು ಸ್ವರ ಬೇಕು. ಮೂರು ವಾದ್ಯಕ್ಕೆ ಮೂರು ಸ್ವರ, ಲೆಕ್ಕ ಸರಿಹೋಯಿತಲ್ಲ ಎಂದುಕೊಳ್ಳಬಹುದು. ಆದರೆ ಒಬ್ಬನು ಹಾಡನ್ನು ಎತ್ತಿಕೊಂಡು ಮೇಲೆ ಹೋದರೆ, ತಳವನ್ನೂ ನಡುವನ್ನೂ ಲಯವನ್ನೂ ನೋಡಿಕೊಳ್ಳಲು ಉಳಿಯುವವರು ಇಬ್ಬರೇ. ಇನ್ನು ರೊಮ್ಯಾಂಟಿಕ್ ಯುಗದವರಿಗೆ, ಎಂದರೆ ಹತ್ತೊಂಬತ್ತನೆಯ ಶತಮಾನದ ಭಾವಪ್ರಧಾನ ಸಂಗೀತಗಾರರಿಗೆ, ಮೂರು ಸ್ವರದಿಂದ ತೃಪ್ತಿಯಿರಲಿಲ್ಲ. ನಾಲ್ಕನೆಯ, ಐದನೆಯ ಸ್ವರ ಬೆರೆತ ದಟ್ಟ ನಾದವೇ ಅವರಿಗೆ ಬೇಕು. ಅದೇ ಕಾಲಕ್ಕೆ ಎರಕದ ಕಬ್ಬಿಣದ ಚೌಕಟ್ಟು ಪಡೆದು ಪಿಯಾನೊ ಬಲಿಯಿತು, ಸಭಾಂಗಣಗಳು ಹಿಗ್ಗಿದವು. ಮೂವರೇ ಬೇಕೆಂದವರು ಪಿಯಾನೊ, ವಯಲಿನ್, ಚೆಲ್ಲೊಗಳನ್ನು ಆರಿಸಿಕೊಂಡರು. ಪಿಯಾನೊದ ಮುಂದೆ ಕುಳಿತ ಒಬ್ಬನಿಗೇ ಹತ್ತು ಬೆರಳು. ಹೀಗಾಗಿ ಬರೀ ತಂತಿಯ ಮೂವರ ಮೇಳ ಮೂಲೆ ಸೇರಿತು.

ಹೇಗೆ ಸೇರಿತೆಂಬುದನ್ನು ನೋಡಿ. ಬೀಥೋವನ್ 1798ರಲ್ಲಿ ಇಂಥ ಮೂರು ಕೃತಿಗಳನ್ನು ಒಟ್ಟಿಗೆ ಪ್ರಕಟಿಸಿದ. ಒಂದಕ್ಕಿಂತ ಒಂದು ಮಿಗಿಲು. ಮೂರು ವರ್ಷದ ಮೇಲೆ ಅವನ ಮೊದಲ ಆರು ನಾಲ್ವರ ಮೇಳಗಳು ಹೊರಬಿದ್ದವು. ಅಲ್ಲಿಂದ ಸಾಯುವವರೆಗೆ, ಎಂದರೆ 1827ರವರೆಗೆ, ಅವನು ಮೂವರ ಕಡೆ ತಿರುಗಿ ನೋಡಲಿಲ್ಲ. ಶೂಬರ್ಟ್ ಹತ್ತೊಂಬತ್ತನೆಯ ವಯಸ್ಸಿನಲ್ಲಿ, 1816ರಲ್ಲಿ, ಒಂದನ್ನು ಬರೆಯತೊಡಗಿ ಮೊದಲ ಭಾಗ ಮುಗಿಸಿ ಎರಡನೆಯದನ್ನು ನಡುವೆಯೇ ಕೈಬಿಟ್ಟ. ಮರುವರ್ಷ ಇನ್ನೊಂದನ್ನು ಪೂರ್ತಿ ಮಾಡಿ ಆಮೇಲೆ ಬಿಟ್ಟುಬಿಟ್ಟ. ಅವನ ಮನೆಯೂ ನಾಲ್ವರ ಮನೆಯೇ. ಶಾಲಾಮಾಸ್ತರನಾದ ತಂದೆ ಚೆಲ್ಲೊ ಹಿಡಿದರೆ ಅಣ್ಣಂದಿರಿಬ್ಬರದು ವಯಲಿನ್, ಅವನದು ವಿಯೋಲಾ. ತಂದೆ ಸ್ವರ ತಪ್ಪಿದಾಗ ಮಗ ಬಹಳ ಮರ್ಯಾದೆಯಿಂದ 'ಅಲ್ಲೇನೋ ಎಡವಟ್ಟಿರಬೇಕು' ಎಂದು ಸೂಚಿಸುತ್ತಿದ್ದನೆಂದು ಅಣ್ಣ ಬರೆದಿಟ್ಟಿದ್ದಾನೆ. ಮುಂದೆ ಶೂಮನ್, ಮೆಂಡೆಲ್‌ಸನ್, ಬ್ರಾಮ್ಸ್ ಈ ಮೂವರು ಘಟಾನುಘಟಿಗಳಿಂದ ವಯಲಿನ್, ವಿಯೋಲಾ, ಚೆಲ್ಲೊ ಮೂರಕ್ಕಾಗಿ ಹೇಳಿಕೊಳ್ಳುವಂಥ ಒಂದು ಕೃತಿಯೂ ಬರಲಿಲ್ಲ. ಮೆಡೋಸ್ ಟೇಲರ್ 1841ರಿಂದ 1853ರವರೆಗೆ ನಮ್ಮ ಗುಡ್ಡದ ಮೇಲೆ ಕುಳಿತು ಸಂಸ್ಥಾನದ ಕಾರಭಾರ ನೋಡುತ್ತಿದ್ದ ಕಾಲ ಅದು. ಶೂಮನ್ 1842ರ ಒಂದೇ ವರ್ಷದಲ್ಲಿ ನಾಲ್ವರ ಮೇಳಕ್ಕೆ ಮೂರು ಕೃತಿ ಬರೆದ, ಪಿಯಾನೊ ಕೂಡಿಸಿ ಐವರಿಗೂ ನಾಲ್ವರಿಗೂ ಬರೆದ. ತಂತಿಯ ಮೂವರಿಗೆ ಮಾತ್ರ ಏನೂ ಇಲ್ಲ. ಟೇಲರ್ ಸ್ವದೇಶಕ್ಕೆ ಮರಳಿದ ಮೇಲೆ 1860ರ ದಶಕದಲ್ಲಿ ಐರ್ಲೆಂಡಿನ ರಾಯಲ್ ಅಕಾಡೆಮಿಗಾಗಿ ಭಾರತೀಯ ವಾದ್ಯಗಳ ಒಂದು ಪಟ್ಟಿಯನ್ನು ವಿವರಣೆ ಸಹಿತ ಬರೆದುಕೊಟ್ಟ. ಸುರಪುರದಲ್ಲಿದ್ದವನು ನಮ್ಮ ವಾದ್ಯಗಳನ್ನು ಅವರಿಗೆ ಪರಿಚಯಿಸಿದ. ನೂರೈವತ್ತು ವರ್ಷಗಳ ಮೇಲೆ ರಂಗಂಪೇಟೆಯವನೊಬ್ಬ ಅವರ ವಾದ್ಯಗಳ ಬಗ್ಗೆ ನಿಮಗೆ ಹೇಳುತ್ತಿದ್ದಾನೆ. ಕೊಟ್ಟು ತೆಗೆದುಕೊಂಡದ್ದು ಹಾಗೆಯೇ ಸರಿಹೋಗಲಿ.

ಕನ್ನಡ ನಾಡಿಗೆ ಈ ಸಂಗೀತ ತೀರ ಹೊರಗಿನದೆಂದು ತಿಳಿಯಬಾರದು. ಮೈಸೂರಿನ ಜಯಚಾಮರಾಜ ಒಡೆಯರು ಪಿಯಾನೊ ಬಲ್ಲವರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ 1948ರಲ್ಲಿ ಮೊದಲ ಅಧ್ಯಕ್ಷರಾದವರು. ಮುಪ್ಪಿನಲ್ಲಿ ಮರೆವೆಗೆ ಸಂದಿದ್ದ ರಷ್ಯದ ಮೆಟ್ನರನ ಕೃತಿಗಳು ಧ್ವನಿಮುದ್ರಿಕೆಗಳಾಗಿ ಉಳಿದದ್ದು ಅವರ ಹಣದಿಂದ. ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಹಾಡಲ್ಪಟ್ಟಾಗಲೂ ಬೆನ್ನಿಗಿದ್ದವರು ಅವರೇ. ರೊಮ್ಯಾಂಟಿಕ್ ಯುಗದ ಸಂಜೆಯ ದೀಪಕ್ಕೆ ಮೈಸೂರಿನ ಎಣ್ಣೆ ಬಿದ್ದಿತೆಂದರೆ ಅತಿಶಯೋಕ್ತಿಯಲ್ಲ. ಆದರೆ ಅದೆಲ್ಲ ಅರಮನೆಯ ಅಳತೆಯದು, ನೂರಾರು ವಾದ್ಯಗಳದು. ನಾನು ಹೇಳುತ್ತಿರುವುದು ನಮ್ಮ ಪಡಸಾಲೆಯ ಅಳತೆಯದು. ಮೂರು ಕುರ್ಚಿ ಹಾಕಿದರೆ ಮುಗಿಯಿತು. ಚಹಾ ಇಡಲು ಜಾಗ ಉಳಿಯುತ್ತದೆ.

ದ್ವೊರ್ಜಾಕನ ಕಥೆಯೂ ಪಡಸಾಲೆಯದೇ. 1887ರಲ್ಲಿ ಪ್ರಾಗ್ ನಗರದಲ್ಲಿ ಅವನಿದ್ದ ಮನೆಯಲ್ಲೇ ರಸಾಯನಶಾಸ್ತ್ರದ ವಿದ್ಯಾರ್ಥಿಯೊಬ್ಬ ಬಾಡಿಗೆಗಿದ್ದ. ಓದಿನ ನಡುವೆ ವಯಲಿನ್ ಕಲಿಯುತ್ತಿದ್ದ. ಕಲಿಸುವ ಗುರು ಮನೆಗೆ ಬರುತ್ತಿದ್ದ. ಗೋಡೆಯಾಚೆಯಿಂದ ಇವರ ಅಭ್ಯಾಸ ಕೇಳಿದ ದ್ವೊರ್ಜಾಕ್, ತಾನೂ ವಿಯೋಲಾ ಹಿಡಿದು ಕೂಡಿಕೊಳ್ಳುವ ಆಸೆಯಿಂದ ಎರಡು ವಯಲಿನ್, ಒಂದು ವಿಯೋಲಾಕ್ಕೆ 'ಟರ್ಜೆಟೊ' ಎಂಬ ಕೃತಿ ಬರೆದ. ಬರೆದಾದ ಮೇಲೆ ನೋಡಿದರೆ ಅದು ಆ ಹುಡುಗನ ಕೈಗೆ ಮೀರಿದ್ದು! ಬೇಸರಪಡದೆ ಅವನಿಗಾಗಿ ಇನ್ನೊಂದು ಸುಲಭದ್ದನ್ನು ಬರೆದ. ಜಗತ್ತಿನಲ್ಲೆಲ್ಲ ಹೆಸರಾದ ಮನುಷ್ಯ ಪಕ್ಕದ ಕೋಣೆಯ ಹುಡುಗನಿಗೆ ಹೊಂದುವಂತೆ ಮತ್ತೊಮ್ಮೆ ಕುಳಿತು ಬರೆದದ್ದು ನನಗೆ ಆ ಕೃತಿಗಿಂತ ಒಂದು ಕೈ ಹೆಚ್ಚಾಗಿಯೇ ಹಿಡಿಸಿದೆ.

ನನಗೆ ಎಲ್ಲಕ್ಕಿಂತ ಆಪ್ತವಾದದ್ದು ಹಂಗೇರಿಯ ದೊಹ್ನಾನ್ಯಿ 1902ರಲ್ಲಿ ಬರೆದ 'ಸೆರೆನೇಡ್'. ಅವನ ತಂದೆಯೂ ಗಣಿತ ಕಲಿಸುವ ಮಾಸ್ತರ. ಬಿಡುವಿನಲ್ಲಿ ಚೆಲ್ಲೊ ನುಡಿಸುತ್ತಿದ್ದವನು. ಐದು ಸಣ್ಣ ಭಾಗಗಳ ಈ ಕೃತಿಯ ಎರಡನೆಯ ಭಾಗಕ್ಕೆ 'ರೊಮಾಂಜಾ' ಎಂದು ಹೆಸರು. ಅಲ್ಲಿ ಹಾಡನ್ನು ಎತ್ತಿಕೊಳ್ಳುವುದು ವಯಲಿನ್ ಅಲ್ಲ, ನಡುವಿನ ವಿಯೋಲಾ. ಸಾಮಾನ್ಯವಾಗಿ ಯಾರ ಕಿವಿಗೂ ಬೀಳದೆ ಎರಡು ದನಿಗಳ ನಡುವೆ ಸಂದು ತುಂಬುತ್ತಿರುವ ವಾದ್ಯ ಅದು. ಅದು ಹಾಡತೊಡಗಿದಾಗ ವಯಲಿನ್ನೂ ಚೆಲ್ಲೊವೂ ಕಮಾನು ಬದಿಗಿಟ್ಟು, ಬೆರಳಿನಿಂದ ಮೆಲ್ಲಗೆ ತಂತಿ ಮೀಟುತ್ತವೆ. ಸ್ವಲ್ಪ ಹೊತ್ತಿನ ಮೇಲೆ ಹಾಡು ಅವುಗಳ ಪಾಲಿಗೆ ಹೋಗುತ್ತದೆ. ಆಗ ವಿಯೋಲಾ ಹಿಂದೆ ಸರಿದು ಅವುಗಳ ಅಡಿಯಲ್ಲಿ ಹರಿಯತೊಡಗುತ್ತದೆ. ಮೀಟುವ ಕೆಲಸ ಒಬ್ಬರಿಗೇ ಗಂಟುಬಿದ್ದಿಲ್ಲ. ಅಪ್ಪ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಇಲ್ಲಿ ತಂಬೂರಿ ಇಲ್ಲವೆಂದಲ್ಲ. ಅದು ಕೈಯಿಂದ ಕೈಗೆ ಹೋಗುತ್ತಿರುತ್ತದೆ.

ಇನ್ನೊಂದು ಉಪಾಯವೂ ಅವರಿಗುಂಟು. ಒಂದೇ ಕಮಾನಿನಿಂದ ಎರಡು ತಂತಿಗಳನ್ನು ಒಟ್ಟಿಗೆ ನುಡಿಸಿ ಒಬ್ಬನೇ ಇಬ್ಬರಾಗುವುದು. ನಾಲ್ಕನೆಯವನ ಸ್ವರ ಹೀಗೆ ಮೂವರಲ್ಲಿ ಹಂಚಿಹೋಗುತ್ತದೆ. ಇದು ಬಹಳ ಕಷ್ಟದ ಕೆಲಸ. ಎಡಗೈಯ ಬೆರಳುಗಳು ಎರಡು ಕಡೆ ಒಮ್ಮೆಗೇ ಸರಿಯಾಗಿ ಕೂಡಬೇಕು. ಕೂದಲೆಳೆಯಷ್ಟು ತಪ್ಪಿದರೂ ಮುಚ್ಚಿಕೊಳ್ಳಲು ಎರಡನೆಯ ವಯಲಿನ್ ಇಲ್ಲ. ನಮ್ಮ ಮೈಸೂರು ಚೌಡಯ್ಯನವರು ಧ್ವನಿವರ್ಧಕವಿಲ್ಲದ ಸಭೆಯ ಕೊನೆಯವರೆಗೂ ನಾದ ಮುಟ್ಟಬೇಕೆಂದು ನಾಲ್ಕು ತಂತಿಯ ವಯಲಿನ್ನಿಗೆ ಮತ್ತೆ ಮೂರು ತಂತಿ ಏರಿಸಿದರಲ್ಲ, ಅದರ ಹಿಂದಿನ ಆಸೆಯೂ ಇದೇ ಜಾತಿಯದು. ಕೈ ಒಂದೇ, ತುಂಬಿಸಬೇಕಾದ ಜಾಗ ದೊಡ್ಡದು.

ಅವ್ವ ಹೋದ ಮೇಲೆ ನಮ್ಮ ಮನೆಯಲ್ಲಿ ನಡೆದದ್ದೂ ಇದೇ ಎಂದು ಈ ಸಂಗೀತ ಕೇಳುತ್ತ ಕೇಳುತ್ತ ನನಗೆ ಹೊಳೆಯಿತು. ಯಾರೂ ಕುಳಿತು ಕೆಲಸ ಹಂಚಲಿಲ್ಲ. ಹಾಲಿನವನ ಲೆಕ್ಕ ಗೋಡೆಯ ಮೇಲೆ ಗೀಟು ಹಾಕಿ ಇಡುತ್ತಿದ್ದವಳು ಅವ್ವ. ನಲವತ್ತು ವರ್ಷ ಬೇರೆಯವರ ಲೆಕ್ಕ ಬರೆದ ಅಪ್ಪ ಮೊದಲ ಸಲ ಮನೆಯ ಹಾಲಿನ ಲೆಕ್ಕ ಹಿಡಿದರು. ಮುಂಜಾನೆ ರೊಟ್ಟಿ ಬಡಿಯುವ ಸದ್ದಿಗೆ ಅಪ್ಪ ಏಳುತ್ತಿದ್ದರು. ಶಾಲೆಗೆ ಹೋಗುವ ಗಡಿಬಿಡಿಯಲ್ಲೂ ಅಕ್ಕ ಆ ಸದ್ದನ್ನು ನಿಲ್ಲಿಸಲಿಲ್ಲ. ದೂರದ ನೆಂಟರ ಮದುವೆ, ಮುಂಜಿ, ಬೇನೆ ಬೇಸರಿಕೆ ಯಾವುದೂ ತಪ್ಪದಂತೆ ಫೋನು ಮಾಡಿ ವಿಚಾರಿಸುವ ಕೆಲಸ ಅವ್ವನದು. ಮಾತಿಗೆ ಮೈಗಳ್ಳನೆಂದು ಹೆಸರಾದ ನನ್ನ ಕೊರಳಿಗೆ ಅದು ಬಿತ್ತು. ಒಬ್ಬೊಬ್ಬರೂ ತಮ್ಮ ತಂತಿಯ ಜೊತೆಗೆ ಇನ್ನೊಂದನ್ನು ನುಡಿಸತೊಡಗಿದೆವು. ಕಷ್ಟವಾಗಲಿಲ್ಲವೆಂದರೆ ಸುಳ್ಳಾದೀತು. ನಾಲ್ವರಿದ್ದಾಗ ಒಬ್ಬರು ಮುನಿಸಿಕೊಂಡರೆ ಉಳಿದ ಮೂವರಲ್ಲಿ ಅದು ಕರಗಿಹೋಗುತ್ತಿತ್ತು. ಮೂವರಲ್ಲಿ ಒಬ್ಬರು ಮುನಿದರೆ ಮನೆಯ ಮೂರನೆಯ ಒಂದು ಪಾಲು ಮೌನವಾಗುತ್ತದೆ. ಅಕ್ಕ ಕೇಳಿದಂತೆ, ಮಾತೋ ಜಗಳವೋ ಎಂದು ತಿಳಿಯದ ದಿನಗಳೂ ಬಂದವು. ಆದರೆ ಮೂವರಲ್ಲಿ ಎಲ್ಲವೂ ಕೇಳಿಸುತ್ತದೆ. ಅಪ್ಪ ರಾತ್ರಿ ಎರಡು ಸಲ ಎದ್ದು ನೀರು ಕುಡಿಯುವುದು, ಅಕ್ಕ ತಿಂಗಳ ಕೊನೆಗೆ ಮಾತು ಕಡಿಮೆ ಮಾಡುವುದು, ಮೊದಲು ಅವ್ವನೊಬ್ಬಳಿಗೇ ಕೇಳಿಸುತ್ತಿದ್ದವು. ಈಗ ನನಗೂ ಕೇಳಿಸುತ್ತವೆ.

ಕೊರತೆ ತುಂಬಿತೆಂದು ನಾನು ಹೇಳುತ್ತಿಲ್ಲ. ತಂತಿಯ ಮೂವರ ಮೇಳವನ್ನು ಎಷ್ಟು ಸಲ ಕೇಳಿದರೂ ಅದು ನಾಲ್ವರ ಮೇಳದಂತೆ ತುಂಬಿ ನುಡಿಯುವುದಿಲ್ಲ. ನಡುನಡುವೆ ಗಾಳಿಯಾಡುವ ಸಂದು ಕಾಣುತ್ತದೆ. ಒಳ್ಳೆಯ ಸಂಗೀತಗಾರನು ಆ ಸಂದನ್ನು ಗದ್ದಲದಿಂದ ಮುಚ್ಚುವುದಿಲ್ಲ. ಅದು ಅಲ್ಲಿರಲಿ ಎಂದು ಬಿಟ್ಟು, ಅದರ ಸುತ್ತ ಮೂರು ದನಿಗಳನ್ನು ಜೋಪಾನವಾಗಿ ನಡೆಸುತ್ತಾನೆ. ರೊಮ್ಯಾಂಟಿಕ್ ಯುಗದ ಹಿರಿಯರು ಬಹುಶಃ ಆ ಸಂದಿಗೆ ಅಂಜಿಯೇ ಈ ಮೇಳದಿಂದ ದೂರ ಉಳಿದರೇನೋ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಅಪ್ಪನಿಗೆ ಈಗ ಎಂಬತ್ತು ದಾಟಿದೆ. ಮೂವರು ಇಬ್ಬರಾಗುವ ದಿನವೊಂದು ಬರುತ್ತದೆಂಬುದು ನನಗೂ ಗೊತ್ತು, ಅಕ್ಕನಿಗೂ ಗೊತ್ತು, ಎಲ್ಲರಿಗಿಂತ ಚೆನ್ನಾಗಿ ಅಪ್ಪನಿಗೆ ಗೊತ್ತು. ಇಬ್ಬರಿಗಾಗಿ ಬರೆದ ಸಂಗೀತವೂ ಉಂಟೆಂದು ಮೈಸೂರಿನ ಗೆಳೆಯರು ಫೋನಿನಲ್ಲಿ ಹೇಳಿದ್ದಾರೆ. ಅದನ್ನು ಕಳಿಸಬೇಡಿರೆಂದು ನಾನೇ ತಡೆದಿದ್ದೇನೆ, ಅವಸರವೇನಿದೆ?

ಓದುಗರಲ್ಲಿ ಯಾರಿಗಾದರೂ ಆಸೆಯಾದರೆ ದೊಹ್ನಾನ್ಯಿಯ ಆ ಕೃತಿಯಿಂದಲೇ ಕೇಳಲು ಮೊದಲು ಮಾಡಿರಿ. ಇಪ್ಪತ್ತು ನಿಮಿಷದ ಮಾತು. ಒಲೆಯ ಮೇಲೆ ಬೇಳೆ ಇಟ್ಟು ಕುಳಿತರೆ ಎರಡೂ ಒಟ್ಟಿಗೆ ಮುಗಿದಾವು. ಹಾಡು ಯಾರದೆಂದು ನೋಡುವ ಮೊದಲು ಮೀಟುವವರು ಯಾರೆಂದು ಕಿವಿಗೊಟ್ಟು ಕೇಳಿರಿ. ನಮ್ಮ ಮನೆಯಲ್ಲಿ ಈಗ ಶನಿವಾರದ ಭಜನೆ ಇಲ್ಲ. ಹಾರ್ಮೋನಿಯಂನವರು ಕಲಬುರಗಿಯಲ್ಲಿ ಮಗನ ಮನೆ ಸೇರಿದ್ದಾರೆ. ಆದರೆ ಶನಿವಾರ ದೀಪ ಹಚ್ಚಿದ ಮೇಲೆ ಅಪ್ಪ ತಪ್ಪದೆ, "ಆ ಮೂರು ಮಂದೀನ್ನ ಹಚ್ಚೋ ತಮ್ಮಾ" ಎನ್ನುತ್ತಾರೆ. ಅಕ್ಕ ಕೈ ಒರೆಸಿಕೊಂಡು ಬಂದು ಬಾಗಿಲ ಹತ್ತಿರ ಕೂಡುತ್ತಾಳೆ. ಕಂಬದ ಹಿಂದಿನ ಜಾಗದಲ್ಲಿ ಗವಸು ತೊಟ್ಟ ತಂಬೂರಿ ಗೋಡೆಗೆ ಆತು ನಿಂತಿರುತ್ತದೆ. ಮೊನ್ನೆ ಧೂಳು ಝಾಡಿಸುವಾಗ ನೋಡಿದೆ. ಒಂದು ತಂತಿ ಹೊಸದಾಗಿತ್ತು. ಹಾಕಿಸಿದವರು ಯಾರೆಂದು ನಾನು ಕೇಳಲಿಲ್ಲ, ಅವರಿಬ್ಬರೂ ಹೇಳಲಿಲ್ಲ.